ಮಾಳಪ್ಪನ ಬೆಂಚು ನಿಂತ ದಿನ

2022ರಲ್ಲಿ ನಾನು ಹುನಗುಂದ ತಾಲ್ಲೂಕಿನ ಒಂದು ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ಕಾರ್ಪೆಂಟರ್ ಟ್ರೇಡಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ನನ್ನ ನಿವೃತ್ತಿಗೆ ಸುಮಾರು ಒಂದು ವರ್ಷ ಉಳಿದಿತ್ತು. ನಮ್ಮ ಟ್ರೇಡಿಗೂ ಹೆಚ್ಚುಕಡಿಮೆ ಅಷ್ಟೇ ಆಯುಷ್ಯವಿತ್ತು. ಎಲೆಕ್ಟ್ರಿಷಿಯನ್ ಮತ್ತು ವೆಲ್ಡರ್ ತರಗತಿಗಳಿಗೆ ಸೀಟು ಸಾಲುತ್ತಿರಲಿಲ್ಲ. ನನ್ನ ವರ್ಕ್‌ಶಾಪಿನ ಬೆಂಚುಗಳ ಮೇಲೆ ಮಾತ್ರ ಧೂಳು ಕೂತಿರುತ್ತಿತ್ತು. ಮರದ ಬಾಗಿಲು, ಕಿಟಕಿ ಮಾಡಿಸುವವರು ಕಡಿಮೆಯಾಗಿದ್ದರು, ಆ ಕೆಲಸ ಕಲಿಯುವವರು ಅದಕ್ಕಿಂತ ಕಡಿಮೆ. ಬೆಳಿಗ್ಗೆ ಬಾಗಲಕೋಟೆಯ ನವನಗರದಿಂದ ಬಸ್ಸು ಹಿಡಿದು ಹೋಗಿ, ಖಾಲಿ ವರ್ಕ್‌ಶಾಪಿನಲ್ಲಿ ಉಳಿಗಳಿಗೆ ಎಣ್ಣೆ ಸವರಿ, ಸಂಜೆ ಮರಳುತ್ತಿದ್ದೆ.

ಆ ವರ್ಷದ ಮುಂಗಾರು ಶುರುವಾದ ಹೊತ್ತಿಗೆ ಒಂದು ಫೋನ್ ಬಂತು.

"ಸರ್, ನಾ ಮಾಳಪ್ಪ ಮಾತಾಡ್ತೇನ್ರಿ, ಶಿರೂರ ಮಾಳಪ್ಪ. ನನ್ನ ಬೆಂಚ್ ಭಾಳ ಅಳ್ಳಾಡಾಕತ್ತೈತ್ರಿ. ಏನ್ ಮಾಡಿದ್ರೂ ನಿಂದ್ರವಲ್ದು."

ನನಗೆ ನಗು ಬಂತು. "ಬಡಿಗ್ಯಾ ಆಗಿ ಬೆಂಚ್ ಅಳ್ಳಾಡ್ತೈತಿ ಅಂತ ನನಗ ಫೋನ್ ಮಾಡ್ತಿಯೇನೋ?" ಎಂದೆ. ಅವನು ನಗಲಿಲ್ಲ. "ಒಮ್ಮಿ ಬಂದ್ ನೋಡಿ ಹೋಗ್ರಿ ಸರ್" ಎಂದಷ್ಟೇ ಹೇಳಿದ.

ಮಾಳಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವನದು ಬೀರಪ್ಪನ ಒಕ್ಕಲಿನ ಕುಟುಂಬ. ಅಪ್ಪ, ಅಣ್ಣ ಎಲ್ಲರೂ ಕುರಿ ಕಾಯ್ದವರು. ಆ ಮನೆಯಲ್ಲಿ ರಂದಾ ಹಿಡಿದವನು ಇವನೊಬ್ಬನೇ. ರಂದಾ ಎಂದರೆ ಮರದ ಮೈಯನ್ನು ಸವರಿ ನುಣುಪು ಮಾಡುವ ಉಪಕರಣ. ಬಡಗಿಯ ಕೈ ಎಂಥದೆಂದು ತಿಳಿಯಬೇಕಾದರೆ ಅವನ ರಂದಾದಿಂದ ಹೊರಬೀಳುವ ಸಿಪ್ಪೆ ನೋಡಿದರೆ ಸಾಕು. ಮಾಳಪ್ಪನ ಸಿಪ್ಪೆ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಹರಿಯದೆ, ಈರುಳ್ಳಿಯ ಹೊರಪದರದಂತೆ ತೆಳ್ಳಗೆ ಸುರುಳಿಯಾಗಿ ಬರುತ್ತಿತ್ತು. ನನ್ನ ಕೈಯಲ್ಲಿ ಕಲಿತವರಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಕಲಿತು ಮುಗಿದ ಮೇಲೆ ಅವನು ಇಳಕಲ್ಲಿನಲ್ಲಿ ಬಹಳ ವರ್ಷ ಕೆಲಸ ಮಾಡಿದ. ಸೀರೆ ನೇಯುವ ಮಗ್ಗಗಳ ಮರದ ಚೌಕಟ್ಟು ರಿಪೇರಿ, ಬಾಗಿಲು, ಮಂಚ, ಹೀಗೆ. ಲಾಕ್‌ಡೌನಿನಲ್ಲಿ ಆ ಅಂಗಡಿ ಮುಚ್ಚಿತು. ಆಮೇಲೆ ಹೆಂಡತಿ ರೇಣವ್ವನೊಂದಿಗೆ ಕುಳಗೇರಿ ಕ್ರಾಸಿಗೆ ಬಂದು, ಹೆದ್ದಾರಿ ಪಕ್ಕದಲ್ಲಿ ಒಂದು ತಗಡಿನ ಶೆಡ್ ಹಿಡಿದು ಸ್ವಂತ ಕೆಲಸ ಶುರು ಮಾಡಿದ್ದ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ.

ಮುಂದಿನ ಭಾನುವಾರ ಹುಬ್ಬಳ್ಳಿ ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದೆ. ಶೆಡ್ಡಿನ ಎದುರಿಗೆ ಕಬ್ಬಿಣದ ಬಾಗಿಲು ಮಾಡುವವರ ಅಂಗಡಿ, ಪಕ್ಕದಲ್ಲಿ ದಾವಲಸಾಬರ ಕಟ್ಟಿಗೆ ಅಡ್ಡೆ. ದಾವಲಸಾಬರು ಮರ ಮಾರುವವರು. ಮರ ಕೊಳ್ಳಲು ಬಂದವರನ್ನು ಮಾಳಪ್ಪನ ಬಳಿ ಕಳಿಸುತ್ತಿದ್ದವರು ಅವರೇ. ಬಾದಾಮಿಯಲ್ಲಿ ಹೊಸ ಮನೆ ಕಟ್ಟುತ್ತಿದ್ದ ಒಬ್ಬರು ಹಳೆಯ ಪದ್ಧತಿಯ ಸಾಗವಾನಿ ಕಿಟಕಿಗಳೇ ಬೇಕೆಂದು ಹಟ ಹಿಡಿದಿದ್ದರು. ಆ ಕೆಲಸ ಮಾಳಪ್ಪನಿಗೆ ಸಿಕ್ಕಿತ್ತು. ಮಾಡಿಕೊಟ್ಟ ಮೊದಲ ಕಿಟಕಿಗಳು ವಾಪಸು ಬಂದಿದ್ದವು. ಕದಗಳು ಕೂಡುತ್ತಿರಲಿಲ್ಲ. ಮೈಯೆಲ್ಲ ಅಲೆಅಲೆಯಾಗಿ ತೆಗ್ಗು ಬಿದ್ದಿತ್ತು.

"ಇಂಥಾ ಕೆಲಸ ನನ್ನ ಕೈಯಾಗಿಂದ ಎಂದೂ ಬಂದಿಲ್ರಿ ಸರ್" ಎಂದ ಮಾಳಪ್ಪ. "ಈ ಬೆಂಚ್ ನನ್ನ ಮರ್ಯಾದಿ ತಗೀತು."

ನಾನು ಬೆಂಚನ್ನು ನೋಡಿದೆ. ನೋಡುವುದಕ್ಕೆ ಸಂಕಟವಾಗುವಂತಿತ್ತು. ಕಾಲುಗಳ ಕೆಳಗೆ ಮರದ ಚಕ್ಕೆ, ಅದರ ಕೆಳಗೆ ರಟ್ಟು, ಅದರ ಕೆಳಗೆ ಹಂಚಿನ ಚೂರು. ಒಂದು ಮೂಲೆಗೆ ತಂತಿ ಬಿಗಿದು ತಿರುವಿದ್ದ. ಇನ್ನೊಂದಕ್ಕೆ ಸೈಕಲ್ ಟ್ಯೂಬು ಸುತ್ತಿದ್ದ. ಮೊಳೆಯ ಪಕ್ಕದಲ್ಲಿ ಮೊಳೆ. ತಿಂಗಳುಗಟ್ಟಲೆ ಒಬ್ಬ ಮನುಷ್ಯ ಒಂದು ವಸ್ತುವಿನೊಂದಿಗೆ ಗುದ್ದಾಡಿದ ಗುರುತುಗಳು ಅವು.

"ರಂದಾ ಹೊಡಿ, ನೋಡೋಣ" ಎಂದೆ.

ಅವನು ಹೆಂಡತಿಯ ಕಡೆ ನೋಡಿದ. ರೇಣವ್ವ ಸೆರಗು ಸರಿಮಾಡಿಕೊಂಡು, ಬೆಂಚಿನ ಒಂದು ತುದಿಯ ಮೇಲೆ ಹತ್ತಿ, ರಸ್ತೆಯ ಕಡೆ ಮುಖ ಮಾಡಿ ಕೂತಳು. ನನ್ನ ಎದುರಿಗೆ ಹಾಗೆ ಕೂರಲು ಅವಳಿಗೆ ನಾಚಿಕೆಯಾಗಿತ್ತು. "ನಾ ಕುಂತ್ರ ಸ್ವಲ್ಪ ತಡೀತೈತ್ರಿ" ಎಂದಳು. ಎಷ್ಟೋ ದಿನಗಳಿಂದ ಅವಳು ಅಡುಗೆ ಮುಗಿಸಿ ಬಂದು, ಬೆಂಚಿಗೆ ಭಾರವಾಗಿ ಅಲ್ಲಿ ಕೂರುತ್ತಿದ್ದಳಂತೆ. ಮಾಳಪ್ಪ ರಂದಾ ತಳ್ಳಿದ. ಅವಳ ಸಮೇತ ಬೆಂಚು ಹಿಂದೆ ಮುಂದೆ ತೂಗಿತು. ಎದುರಿನ ಕಬ್ಬಿಣದ ಅಂಗಡಿಯವರು ನೋಡಿ ಮುಖ ತಿರುಗಿಸಿಕೊಂಡರು.

ಬೆಂಚಿನ ಅಳ್ಳಾಟದಲ್ಲಿ ಎರಡು ಬಗೆ. ಒಂದು, ನೆಲ ಸಮವಿಲ್ಲದೆ ಕಾಲು ಕೂಡದಿರುವುದು. ಇದಕ್ಕೆ ಚಕ್ಕೆ ಇಟ್ಟರೆ ಆಯಿತು. ಇನ್ನೊಂದು, ಕಾಲು ಮತ್ತು ಹಲಗೆ ಕೂಡುವ ಜಾಯಿಂಟು ಸಡಿಲಾಗಿ ಬೆಂಚು ಉದ್ದಕ್ಕೆ ವಾಲುವುದು. ಇದನ್ನು ರ‍್ಯಾಕಿಂಗ್ ಎನ್ನುತ್ತೇವೆ. ಒಳಗಿನ ಭಾಗ ತೆಗೆದ ಖಾಲಿ ಕಡ್ಡಿಪೆಟ್ಟಿಗೆಯನ್ನು ಬೆರಳಿನಿಂದ ಒತ್ತಿದರೆ ಹೇಗೆ ಓರೆಯಾಗುತ್ತದೆಯೋ ಹಾಗೆ. ಇದಕ್ಕೆ ಕಾಲಿನ ಕೆಳಗೆ ಏನಿಟ್ಟರೂ ಪ್ರಯೋಜನವಿಲ್ಲ. ಮಾಳಪ್ಪನ ಬೆಂಚಿಗೆ ಎರಡೂ ಇದ್ದವು. ಶೆಡ್ಡಿನದು ಮಣ್ಣಿನ ನೆಲ. ಬೆಂಚು ಹಸಿ ಬೇವಿನದು.

"ಲಾಕ್‌ಡೌನದಾಗ ಸಿಕ್ಕಿದ್ದ ಕಟಗಿಲೆ ಮಾಡಿದ್ನಿರಿ" ಎಂದ. ಹಸಿ ಮರ ಒಣಗಿ ಕುಗ್ಗಿ, ಕಾಲಿನ ತುದಿಗಳು ತೂತಿನೊಳಗೆ ಹಲ್ಲಿನಂತೆ ಅಲುಗಾಡುತ್ತಿದ್ದವು. ಕೆಳಗೆ ಕಾಲುಗಳನ್ನು ಒಂದಕ್ಕೊಂದು ಹಿಡಿದಿಡುವ ಅಡ್ಡಪಟ್ಟಿಗಳೇ ಇರಲಿಲ್ಲ. ನಮ್ಮಲ್ಲಿ ಮೊದಲ ತಿಂಗಳು ಕಲಿಸುವ ಪಾಠ ಇದು. ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಹಾಗಾದರೆ ಇವನೇ ಯಾಕೆ ಸರಿಮಾಡಿಕೊಂಡಿಲ್ಲ ಎಂಬ ಪ್ರಶ್ನೆ ನನ್ನ ತಲೆಗೆ ಬಂತು. ಕೆಲಸದ ಗಡಿಬಿಡಿ, ವಾಪಸು ಬಂದ ಕಿಟಕಿಗಳ ಸಂಕಟ, ಇಷ್ಟೇ ಕಾರಣ ಎಂದುಕೊಂಡೆ.

ಎರಡು ಭಾನುವಾರ ಹಿಡಿಯಿತು. ಮೊದಲ ದಿನ ತಂತಿ, ಟ್ಯೂಬು, ಮೊಳೆ ಎಲ್ಲ ಕಿತ್ತು ಬೆಂಚನ್ನು ಬೋರಲು ಹಾಕಿದೆವು. ನೆಲ ಅಗೆದು, ಕಾಲು ಬರುವ ನಾಲ್ಕೂ ಕಡೆ ಕಲ್ಲಿನ ತುಂಡುಗಳನ್ನು ಹುಗಿದು, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿದೆವು. ಎರಡನೆಯ ವಾರ ದಾವಲಸಾಬರು ಒಣಗಿದ ಜಾಲಿ ಮರದ ಪಟ್ಟಿಗಳನ್ನು ಕೊಟ್ಟರು. ಸಡಿಲಾದ ಜಾಯಿಂಟುಗಳಲ್ಲಿ ಕಾಲಿನ ತುದಿಗಳನ್ನು ಸೀಳಿ ಬೆಣೆ ಹೊಡೆದೆ. ಉದ್ದಕ್ಕೆ ಎರಡು, ಅಗಲಕ್ಕೆ ಎರಡು ಅಡ್ಡಪಟ್ಟಿ ಕೂರಿಸಿ ಬೋಲ್ಟ್ ಬಿಗಿದೆ. ಹಿಂಬದಿಗೆ ಓರೆಯಾಗಿ ಇನ್ನೊಂದು ಪಟ್ಟಿ.

ಕೆಲಸ ನಡೆಯುವಾಗ ಮಾಳಪ್ಪ ಬಹಳ ಮೆತ್ತಗಿದ್ದ. ಗರಗಸ ನನ್ನ ಕೈಗೆ ಕೊಟ್ಟು, "ನೀವಽ ಹೊಡೀರಿ ಸರ್, ನೋಡಿ ಭಾಳ ದಿನ ಆತು" ಎಂದ. ಬೋಲ್ಟ್ ಬಿಗಿಯುವಾಗ ಪಾನಾ ಅವನ ಕೈಯಿಂದ ಜಾರಿ ಬಿತ್ತು, ಮತ್ತೊಮ್ಮೆ ಬಿತ್ತು. "ಎಣ್ಣಿ ಹತ್ತೇತ್ರಿ" ಎಂದು ಕೈ ಒರೆಸಿಕೊಂಡ. ಕಲಿಸಿದವನ ಎದುರಿನ ಸಂಕೋಚ ಎಂದುಕೊಂಡು ನಾನು ಮುಂದುವರಿಸಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಚು ನಿಂತಿತು. ನಿಂತಿತು ಎಂದರೆ ಬಂಡೆಯಂತೆ ನಿಂತಿತು. ದಾವಲಸಾಬರು ಚಪ್ಪಲಿ ಬಿಟ್ಟು, ಆ ಇಳಿವಯಸ್ಸಿನಲ್ಲಿ ಅದರ ಮೇಲೆ ಹತ್ತಿ ಕಾಲು ಅಪ್ಪಳಿಸಿ ಕುಣಿದರು. "ಇನ್ನ ಇದರ ಮ್ಯಾಲೆ ಎತ್ತ ಹತ್ತಿಸಿದ್ರೂ ಅಳ್ಳಾಡೂದಿಲ್ಲ ಬಿಡ್ರಿ!" ಎಲ್ಲರೂ ನಕ್ಕೆವು. ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಿನಗ ಕುಂದ್ರೂ ಕೆಲಸ ತಪ್ಪಿತು ನೋಡವಾ" ಎಂದು ನಾನು ಹೇಳಿದೆ.

"ಈಗ ಹೊಡಿ ಮಾಳಪ್ಪ" ಎಂದೆ.

ಅವನು ಕಿಟಕಿಗೆಂದು ಇಟ್ಟಿದ್ದ ಸಾಗವಾನಿ ಪಟ್ಟಿಯನ್ನು ಬೆಂಚಿಗೆ ಬಿಗಿದ. ರಂದಾ ಹಿಡಿದು ನಿಂತ ಭಂಗಿ ಹಳೆಯ ಮಾಳಪ್ಪನದೇ. ತಳ್ಳಿದ. ರಂದಾ ಒಂದು ಮೊಳ ದೂರ ಹೋಗಿ ಮುಗ್ಗರಿಸಿ ನಿಂತಿತು. ಹಿಂದಕ್ಕೆಳೆದು ಮತ್ತೆ ತಳ್ಳಿದ. ಮತ್ತೆ ನಿಂತಿತು. ಮರದ ಮೇಲೆ ಅದೇ ಅಲೆಅಲೆಯ ತೆಗ್ಗು. ಬೆಂಚು ಕದಲಿರಲಿಲ್ಲ. ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ.

"ಬ್ಲೇಡ್ ಮೊಂಡ ಆಗಿರಬೇಕ್ರಿ" ಎಂದ. ಬ್ಲೇಡ್ ತೆಗೆದು ಸಾಣೆಕಲ್ಲಿನ ಮೇಲೆ ಮಸೆದ. ಮಸೆಯುವಾಗ ಅವನು ಬಲಗೈಯ ಮೇಲೆ ಎಡಗೈ ಒತ್ತಿ ಹಿಡಿದಿದ್ದನ್ನು ನಾನು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ತುಂಬಿಕೊಂಡಿರಬೇಕಾದ ಮಾಂಸ ಇರಲಿಲ್ಲ. ಅಲ್ಲಿ ಗುಳಿ ಬಿದ್ದಿತ್ತು. ಬ್ಲೇಡ್ ಕೂರಿಸಿ ಮತ್ತೆ ತಳ್ಳಿದ. ಮತ್ತೆ ಅದೇ.

ಆಮೇಲೆ ಅವನು ರಂದಾ ನನ್ನ ಕಡೆ ಸರಿಸಿದ. "ಸರ್, ನೀವ್ ಒಮ್ಮಿ ಹಿಡದ್ ನೋಡ್ರಿ."

ನಾನು ಹಿಡಿಯಬಾರದು ಎನಿಸಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹಿಡಿದು ತಳ್ಳಿದೆ. ಅರವತ್ತರ ಹತ್ತಿರದ ನನ್ನ ಕೈಯಲ್ಲಿ ಅದೇ ರಂದಾ, ಅದೇ ಮರ, ಅದೇ ಬೆಂಚು. ಸಿಪ್ಪೆ ಈ ತುದಿಯಿಂದ ಆ ತುದಿಯವರೆಗೆ ಸುರುಳಿಯಾಗಿ ಬಂದು ನೆಲಕ್ಕೆ ಬಿತ್ತು.

ಮಾಳಪ್ಪ ಬಗ್ಗಿ ಆ ಸಿಪ್ಪೆಯನ್ನು ಎತ್ತಿಕೊಂಡ. ದಾವಲಸಾಬರು ಅಡ್ಡೆಯ ಕಡೆ ನಡೆದರು.

ಬಸ್ಸಿಗೆ ನಿಂತಾಗ ರೇಣವ್ವ ನನ್ನ ಹಿಂದೆಯೇ ಬಂದಳು. "ಅಂಗಿ ಗುಂಡಿ ಹಾಕ್ಕೊಳ್ಳಾಕ ಬರವಲ್ದ್ರಿ ಅವರಿಗೆ. ದೀಪಾವಳಿ ಆದಾಗಿಂದ ನಾನಽ ಹಾಕತೇನಿ. ಚಾದ ಕಪ್ಪ ಎರಡೂ ಕೈಲೆ ಹಿಡೀತಾರ. ಕೇಳಿದ್ರ, ಬೆಂಚ್ ಅಳ್ಳಾಡಿ ಅಳ್ಳಾಡಿ ಕೈ ಸೋತಾವು ಅಂತಾರ. ನಾನೂ ಹೌದಂದೆ."

"ಗೊತ್ತಿತ್ತೇನವ್ವ ನಿನಗ?"

"ಗೊತ್ತಿದ್ದಿಲ್ರಿ. ಅಂಜಿಕಿ ಇತ್ತು."

ಅವಳನ್ನು ಸಮಾಧಾನ ಮಾಡಲು, ನರದ ದೌರ್ಬಲ್ಯ ಇರಬಹುದು, ಗುಳಿಗೆ ಕೊಟ್ಟರೆ ಹೋಗುತ್ತದೆ ಎಂದೆ. ನಾನೂ ಹಾಗೆಂದೇ ನಂಬಿದ್ದೆ.

ಬಾಗಲಕೋಟೆಯ ವೈದ್ಯರು ಕೈ ನೋಡಿ, ನಾಲಿಗೆ ಚಾಚಿಸಿ ನೋಡಿ, ಹುಬ್ಬಳ್ಳಿಗೆ ಬರೆದುಕೊಟ್ಟರು. ಅಲ್ಲಿಗೆ ನಾನೂ ಜೊತೆಗೆ ಹೋದೆ. ಸ್ನಾಯುಗಳಿಗೆ ಸಣ್ಣ ಸೂಜಿ ಚುಚ್ಚಿ, ಅವುಗಳೊಳಗಿನ ವಿದ್ಯುತ್ ಸಂಚಾರ ಅಳೆಯುವ ಪರೀಕ್ಷೆ ಮಾಡಿದರು. ನರರೋಗ ತಜ್ಞರು ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದರು. ಇದಕ್ಕೆ ಮೋಟಾರ್ ನ್ಯೂರಾನ್ ಕಾಯಿಲೆ ಎನ್ನುತ್ತಾರೆ. ಮೆದುಳಿನ ಆಜ್ಞೆಯನ್ನು ಸ್ನಾಯುಗಳಿಗೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಇವನಿಗೆ ಬಲಗೈಯಿಂದ ಶುರುವಾಗಿದೆ. ಮುಂದೆ ಎಡಗೈ, ಕಾಲು, ಮಾತು, ನುಂಗುವುದು, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ. ವೇಗ ಸ್ವಲ್ಪ ತಗ್ಗಿಸುವ ಔಷಧವಿದೆ, ವಾಸಿ ಮಾಡುವುದು ಇಲ್ಲ.

ಬುದ್ಧಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ಅವರು ಧೈರ್ಯಕ್ಕೆಂದು ಹೇಳಿದರೋ ಏನೋ. ನನಗೆ ಅದೇ ಎಲ್ಲಕ್ಕಿಂತ ಕ್ರೂರವಾಗಿ ಕೇಳಿಸಿತು.

ಮಾಳಪ್ಪ ಒಂದೇ ಪ್ರಶ್ನೆ ಕೇಳಿದ. "ಅಳ್ಳಾಡೂ ಬೆಂಚಿನ ಮ್ಯಾಲೆ ಜೋರ್ ಹಾಕಿ ಹಾಕಿ ನರ ಹಿಂಗ ಆಗಿರಬಹುದೇನ್ರಿ ಡಾಕ್ಟರ?"

"ಇಲ್ಲಪ್ಪ" ಎಂದರು ಅವರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಮೊದಲಽ ಬಂದಿದ್ರ?"

"ಮೊದಲೇ ಬಂದಿದ್ರೂ ಇಷ್ಟೇ."

ಮರಳುವಾಗ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಬಸ್ಸು ನರಗುಂದ ದಾಟಿತು. ಆಮೇಲೆ ಮಾಳಪ್ಪ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ಸಿಟ್ಟ ಮಾಡ್ಕೋಬ್ಯಾಡ್ರಿ ಸರ್. ನೀವು ಬೆಂಚ್ ಸರಿ ಮಾಡಬಾರದಿತ್ರಿ. ಅದು ಅಳ್ಳಾಡೂತನಕ ನಾ ಬಡಿಗ್ಯಾ ಇದ್ನಿ."

ಇಷ್ಟು ವರ್ಷಗಳ ಉದ್ಯೋಗದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಕೆಲಸದಲ್ಲಿ ತಪ್ಪಿರಲಿಲ್ಲ. ಬೆಂಚು ನಿಂತಿತ್ತು. ಅದು ನಿಂತದ್ದರಿಂದಲೇ ಅವನಿಗೆ ದೂರಲು ಬೇರೆ ಏನೂ ಉಳಿಯಲಿಲ್ಲ.

ಬಾದಾಮಿಯ ಕಿಟಕಿಗಳು ಬಾಕಿ ಇದ್ದವು. ಹಿಡಿದ ಕೆಲಸ ಬಿಡುವುದು ಬೇಡ ಎಂದು ಮಾಳಪ್ಪ ಹೇಳಿದ. ಹೀಗಾಗಿ ಶ್ರಾವಣ ಮುಗಿಯುವವರೆಗೆ ಭಾನುವಾರಗಳಂದು ಆ ಬೆಂಚಿನ ಮೇಲೆ ನಾನೇ ಕೆಲಸ ಮಾಡಿದೆ. ಅವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಒಮ್ಮೊಮ್ಮೆ ಅಭ್ಯಾಸಬಲದಿಂದ ಎದ್ದು ಬಂದು ಉಳಿ ಕೇಳುತ್ತಿದ್ದ. ಹಿಡಿದು, ಬೆರಳು ಮಡಚದಿದ್ದಾಗ, ಅದನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಮತ್ತೆ ಹೋಗಿ ಕೂರುತ್ತಿದ್ದ. ಒಂದು ದಿನ, "ಆ ಮೂಲಿ ಸ್ವಲ್ಪ ಬಾಯಿ ಬಿಟ್ಟೈತ್ರಿ ಸರ್" ಎಂದ. ಬಿಟ್ಟಿತ್ತು. ಬಿಚ್ಚಿ ಮತ್ತೆ ಕೂಡಿಸಿದೆ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಕಿಟಕಿಗಳು ಹೋದ ಮೇಲೆ ಬಾದಾಮಿಯವರು ಫೋನ್ ಮಾಡಿದರು. ಸ್ಪೀಕರಿನಲ್ಲಿ ಅವರ ಧ್ವನಿ ನನಗೂ ಕೇಳಿಸುತ್ತಿತ್ತು. "ಏನ್ ಕೈರೀ ನಿಮ್ದು! ಮದಲ ಯಾಕ ಹಂಗ ಮಾಡಿದ್ರಿ? ಇಂಥಾ ಕೆಲಸ ಈಗ ಯಾರ್ ಮಾಡ್ತಾರ?" ಮಾಳಪ್ಪ ಪೂರ್ತಿ ಕೇಳಿಸಿಕೊಳ್ಳದೆ ಫೋನನ್ನು ರೇಣವ್ವನ ಕಡೆ ಚಾಚಿದ. ಅವಳು ಅದನ್ನು ಕಿವಿಗೆ ಹಿಡಿದು, "ಹೌದ್ರಿ, ಹೇಳ್ತೇನ್ರಿ" ಎಂದಳು.

ದಸರೆಯ ಹೊತ್ತಿಗೆ ಶೆಡ್ ಬಿಟ್ಟುಕೊಟ್ಟರು. ಬೆಂಚನ್ನು ದಾವಲಸಾಬರು ತಮ್ಮ ಅಡ್ಡೆಗೆ ತೆಗೆದುಕೊಂಡು ಹೋಗಿ ಪ್ಲೈವುಡ್ ಹಾಳೆ ಪೇರಿಸಲು ಇಟ್ಟರು. ಮಾಳಪ್ಪ ಮತ್ತು ರೇಣವ್ವ ಶಿರೂರಿಗೆ, ಅವನ ಅಣ್ಣನ ಮನೆಗೆ ಹೋದರು. ಮರುವರ್ಷ ನಾನು ನಿವೃತ್ತನಾದೆ. ನಮ್ಮ ಟ್ರೇಡೂ ಮುಚ್ಚಿತು. ನವನಗರದಿಂದ ಶಿರೂರು ದೂರವಲ್ಲ. ವಾರಕ್ಕೊಮ್ಮೆ ಹೋಗತೊಡಗಿದೆ.

ಬರಿಗೈಯಲ್ಲಿ ಹೋಗಲು ನನಗೆ ಆಗುತ್ತಿರಲಿಲ್ಲ. ಮೊದಲು ಅವನ ಎಡಗೈಗೆ ಹಿಡಿತ ಸಿಗಲೆಂದು ದಪ್ಪ ಮರದ ಹಿಡಿಕೆಯ ಚಮಚ ಮಾಡಿಕೊಂಡು ಹೋದೆ. ಕೆಲವು ವಾರ ಉಂಡ. ಆಮೇಲೆ ಕೈ ಬಾಯಿಯವರೆಗೆ ಏಳುತ್ತಿರಲಿಲ್ಲ. ಮೊಣಕೈ ಊರಲು ಎದೆಯ ಎತ್ತರದ ಒಂದು ಸಣ್ಣ ಮೇಜು ಮಾಡಿದೆ. ಅದನ್ನು ಒಯ್ಯುವಷ್ಟರಲ್ಲಿ ರೇಣವ್ವ ತುತ್ತು ಮಾಡಿ ಉಣಿಸತೊಡಗಿದ್ದಳು. ಹಿಡಿದುಕೊಂಡು ನಡೆಯಲು ಗೋಡೆಗೆ ಕಟ್ಟಿಗೆಯ ಕಂಬಿ ಕೂರಿಸಿದೆ. ಅವನು ಅದನ್ನು ಹಿಡಿದು ಹಿತ್ತಲಿಗೆ ಹೋದದ್ದು ಕೆಲವೇ ಸಲ. ತೋಳಿನ ಕುರ್ಚಿ ಮಾಡಿದೆ, ಅವನ ಕುತ್ತಿಗೆ ನಿಲ್ಲದಾಯಿತು. ನಾನು ಒಂದನ್ನು ಮುಗಿಸುವಷ್ಟರಲ್ಲಿ ಕಾಯಿಲೆ ಅದನ್ನು ದಾಟಿ ಹೋಗಿರುತ್ತಿತ್ತು. ನಾಲಿಗೆ ಹೊರಳದಾದಾಗ, ಕಣ್ಣಿನಿಂದ ತೋರಿಸಲಿ ಎಂದು ಹಲಗೆಯ ಮೇಲೆ ಅಕ್ಷರ ಬರೆದು ಒಯ್ದೆ. ಮಾಳಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿಕೊಂಡ.

ಆ ಕೋಣೆಯ ಮೂಲೆಯಲ್ಲಿ ನಾನು ಮಾಡಿದ ವಸ್ತುಗಳು ಒಂದರ ಮೇಲೊಂದು ಬಿದ್ದಿದ್ದವು. ಅವನ ಕಣ್ಣೆದುರಿಗೇ ಬಿದ್ದಿದ್ದವು. ಇನ್ನೂ ಕೆಲಸ ಮಾಡಬಲ್ಲವನು ನಾನು, ಮಾಡಲಾಗದವನು ಅವನು ಎಂದು ಅವು ಪ್ರತಿದಿನ ಅವನಿಗೆ ಹೇಳುತ್ತಿದ್ದವೋ ಏನೋ. ಅದು ನನಗೆ ಹೊಳೆದಿರಲಿಲ್ಲ. ಅಕ್ಷರದ ಹಲಗೆ ಒಯ್ದ ಆ ದಿನ ಹೊರಡುವಾಗ ರೇಣವ್ವ ಅಂಗಳದವರೆಗೆ ಬಂದಳು.

"ಸರ್, ಇನ್ನ ಏನೂ ಮಾಡ್ಕೊಂಡ್ ಬರಬ್ಯಾಡ್ರಿ."

"ಯಾಕವ್ವ, ಬ್ಯಾಸರಾತೇನು?"

"ನೀವು ಬಂದ್ರ ಅವರಿಗೆ ಭಾಳ ಸಮಾಧಾನ ಆಗ್ತೈತ್ರಿ. ನೀವು ತಂದದ್ದು ನೋಡಿದ್ರ ಆಗೂದಿಲ್ಲ. ಬರಿಗೈಲೆ ಬರ್ರಿ."

ಮುಂದಿನ ವಾರ ಬರಿಗೈಯಲ್ಲಿ ಹೋದೆ. ಬಸ್ಸಿನಲ್ಲಿ ನನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮಾಳಪ್ಪನ ಪಕ್ಕದಲ್ಲಿ ಕೂತೆ. ಹೊರಗೆ ಅವನ ಅಣ್ಣನ ಕುರಿಗಳು ದಡ್ಡಿಗೆ ಬರುವ ಸದ್ದು ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡೆ. ಹಕ್ಕಿಯಷ್ಟು ಹಗುರವಾಗಿತ್ತು. ಅವನು ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದ. ಚರ್ಮದ ಕೆಳಗೆ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಮಿಡುಕುತ್ತಿದ್ದವು. ಅದನ್ನು ನಿಲ್ಲಿಸುವುದು ಹೇಗೆಂದು ನಾನು ಯೋಚಿಸಲಿಲ್ಲ. ನಲವತ್ತು ವರ್ಷಗಳ ಹತ್ತಿರದ ನನ್ನ ಕೆಲಸದ ಬದುಕಿನಲ್ಲಿ, ಕೆಟ್ಟಿರುವ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಏನೂ ಮಾಡದೆ ಕೂತದ್ದು ಅದೇ ಮೊದಲು.

ಮಾಳಪ್ಪ 2024ರ ಚಳಿಗಾಲದಲ್ಲಿ ತೀರಿಕೊಂಡ. ಶಿರೂರಿನಲ್ಲೇ ಮಣ್ಣು ಮಾಡಿದರು. ರೇಣವ್ವ ಮತ್ತೆ ಕುಳಗೇರಿ ಕ್ರಾಸಿಗೆ ಬಂದು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಚೆನ್ನಾಗಿದ್ದಾಳೆ ಎಂದು ಬರೆಯಲಾರೆ. ಇದ್ದಾಳೆ.

ಎಲ್ಲಿ ಸಡಿಲಾಗಿದೆ ನೋಡು, ಅಲ್ಲಿ ಬಿಗಿ ಮಾಡು ಎಂದು ನಾನು ವರ್ಷಗಟ್ಟಲೆ ಕಲಿಸಿದೆ. ಮರದ ಮಟ್ಟಿಗೆ ಆ ಪಾಠ ಸರಿಯಾದದ್ದೇ, ಈಗಲೂ ಕೇಳಿದವರಿಗೆ ಅದನ್ನೇ ಹೇಳುತ್ತೇನೆ. ಬಿಗಿ ಮಾಡಲಾಗದ್ದೂ ಒಂದು ಇರುತ್ತದೆ, ಆಗ ನಮ್ಮ ಪೆಟ್ಟಿಗೆಯಲ್ಲಿರುವ ಒಂದು ಉಪಕರಣವೂ ನೆರವಿಗೆ ಬರುವುದಿಲ್ಲ, ಆದರೂ ಅಲ್ಲಿಂದ ಎದ್ದು ಬರಬಾರದು ಎಂಬುದನ್ನು ಉದ್ಯೋಗ ನನಗೆ ತೀರ ಕೊನೆಯಲ್ಲಿ, ರೇಣವ್ವನ ಬಾಯಿಂದ ಕಲಿಸಿತು. ಅದು ಸಮಾಧಾನದ ಪಾಠವಲ್ಲ. ಅದನ್ನು ಕಲಿತದ್ದರಿಂದ ಮಾಳಪ್ಪನಿಗೆ ಒಂದು ದಿನವೂ ಹೆಚ್ಚು ಸಿಗಲಿಲ್ಲ. ನಾನು ಮಾತ್ರ ಪ್ರತಿ ವಾರ ಅವನ ಪಕ್ಕದಲ್ಲಿ ಕೂತಿದ್ದೆ.